ಬಾಲ ನೋಡಿ ಊರು ಹೇಳಿ

ಸಖರಾಯಪಟ್ಟಣದ ನಮ್ಮ ಚಿಕ್ಕಪ್ಪ ಪಹಣಿ ನೋಡಬೇಕೆಂದರೆ ಮೊದಲು ಕನ್ನಡಕ ಹುಡುಕುತ್ತಾರೆ, ಆಮೇಲೆ ಫೋನು, ಆಮೇಲೆ ನನ್ನನ್ನು. ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ಕೂತು, ಫೋನಿನ ಮೈಕ್ ಒತ್ತಿ, ತೋಟದಾಚೆ ಇರುವವರನ್ನು ಕರೆಯುವ ದನಿಯಲ್ಲಿ "ಪಹಣಿ" ಎಂದು ಕೂಗಿದರು. ಪರದೆ ತುಂಬ ಉತ್ತರ ಬಂತು. ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದರು. ಅದು ಹೆಸರು ಕೇಳಿತು, ಮೊಬೈಲ್ ನಂಬರ್ ಕೇಳಿತು, ಆಧಾರ್ ಸಂಖ್ಯೆಯನ್ನೂ ಕೇಳಿತು.

"ಇದು ಯಾರ್ದು ಚಿಕ್ಕಪ್ಪ?" ಎಂದೆ.

"ಗೌರ್ಮೆಂಟ್‌ದು ಕಣೋ. ಪಹಣಿ ಅಂತ ಬರೆದೈತಲ್ಲ."

ಗೌರ್ಮೆಂಟಿನದ್ದಾಗಿರಲಿಲ್ಲ. ಯಾರೋ ಖಾಸಗಿಯವರು ದುಡ್ಡು ಕೊಟ್ಟು ಮೇಲಿನ ಸಾಲು ಹಿಡಿದಿದ್ದರು. ಪಕ್ಕದಲ್ಲಿ 'ಪ್ರಾಯೋಜಿತ' ಎಂದು ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು. ಜಾಹೀರಾತು ಎಂಬುದಕ್ಕೆ ಇಷ್ಟು ಗಂಭೀರವಾದ ಪದ ಇಟ್ಟವರಿಗೆ ಏನು ಹೇಳೋಣ. ನಾಟಕದ ಕರಪತ್ರ ಓದಿ ಬೆಳೆದ ಚಿಕ್ಕಪ್ಪನಿಗೆ ಪ್ರಾಯೋಜಿತ ಎಂದರೆ ಗೌರವದ ಮಾತು.

ಬ್ರೌಸರ್ ಕಲಿಯುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಚಿಕ್ಕಪ್ಪ ಎಲ್ಲಕ್ಕೂ 'ಗೂಗಲ್' ಎನ್ನುತ್ತಾರೆ. ಆದರೆ ಬ್ರೌಸರ್ ಬೇರೆ, ಹುಡುಕುವ ಯಂತ್ರ ಬೇರೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಇವು ಬ್ರೌಸರ್‌ಗಳು. ನೀವು ಹೇಳಿದ ವಿಳಾಸಕ್ಕೆ ಕರೆದುಕೊಂಡು ಹೋಗುವ ವಾಹನಗಳು. ಗೂಗಲ್ ಹುಡುಕಾಟ ಎಂಬುದು ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಅಲ್ಲಿಗೆ ಹೋಗಬೇಕಾ, ಹೀಗೆ ಹೋಗಿ" ಎಂದು ದಾರಿ ಹೇಳುವವನು. ಬಹಳ ಸಲ ಸರಿಯಾಗಿಯೇ ಹೇಳುತ್ತಾನೆ. ಆದರೆ ಲಾಡ್ಜಿನವರಿಂದ ಕಮಿಷನ್ ಪಡೆಯುವವನೂ ಅವನೇ. ದಾರಿ ಗೊತ್ತಿದ್ದರೆ ಅವನನ್ನು ಕೇಳುವುದೇ ಬೇಕಿಲ್ಲ, ಬ್ರೌಸರ್‌ನ ನೆತ್ತಿಯಲ್ಲಿರುವ ಉದ್ದ ಪಟ್ಟಿಯಲ್ಲಿ ವಿಳಾಸ ಬರೆದು ನೇರವಾಗಿ ಹೋಗಬಹುದು. ಪುಸ್ತಕದ ಕನ್ನಡದಲ್ಲಿ ಬ್ರೌಸರಿಗೆ 'ಜಾಲದರ್ಶಕ' ಎಂಬ ಪದವಿದೆ. ಯಾರೂ ಅದನ್ನು ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ, ಹಾಗಾಗಿ ಇಲ್ಲಿಯೂ ಬ್ರೌಸರ್ ಎಂದೇ ಇರಲಿ.

ಈ ವಾಹನ ತೀರಾ ಹಳೆಯದೇನಲ್ಲ. ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರ್ ಬರೆದದ್ದು 1990ರಲ್ಲಿ. ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ನಮ್ಮ ರೈತರ ಕೈಗೆ ಕಂಪ್ಯೂಟರಿನ ಕಾಗದ ಬಂದದ್ದು ಇನ್ನೂ ಕೆಲವು ವರ್ಷ ಕಳೆದ ಮೇಲೆ, 'ಭೂಮಿ' ಯೋಜನೆಯಲ್ಲಿ. ಅಲ್ಲಿಯವರೆಗೆ ಪಹಣಿ ಎಂದರೆ ಗ್ರಾಮಲೆಕ್ಕಿಗರ ಕೈಬರಹ. ಆಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಚಿಕ್ಕಪ್ಪ ಅದಕ್ಕಾಗಿ ಕಡೂರಿನ ಬಸ್ಸು ಹತ್ತುತ್ತಿದ್ದರು. ಈಗ ಅದೇ ಪಹಣಿ ಜಗಲಿಗೇ ಬಂದಿದೆ, ಜೊತೆಗೆ ಪಹಣಿಯ ವೇಷ ಹಾಕಿದವರೂ ಬಂದಿದ್ದಾರೆ. ಕಚೇರಿಯಲ್ಲಿ ಗೋಡೆ, ಬೋರ್ಡು, ಗೊತ್ತಿರುವ ಗುಮಾಸ್ತರ ಮುಖ ಇರುತ್ತಿತ್ತು. ಪರದೆಯ ಮೇಲೆ ಬೋರ್ಡನ್ನು ಯಾರು ಬೇಕಾದರೂ ಬರೆಯಬಹುದು. ರಾಜ್ಯ ಸರ್ಕಾರದ ಗಂಡಭೇರುಂಡ ಲಾಂಛನವನ್ನೂ ಅಂಟಿಸಬಹುದು, ಮುಖ್ಯಮಂತ್ರಿಗಳ ಚಿತ್ರವನ್ನೂ. ನಕಲು ಮಾಡಲಾಗದ್ದು ಒಂದೇ ಒಂದು, ವಿಳಾಸದ ಬಾಲ.

ಬಾಲ ಎಂದರೇನು? ಕರ್ನಾಟಕದ ಪಹಣಿಯ ಅಧಿಕೃತ ವಿಳಾಸವನ್ನು ಬಾಯಲ್ಲಿ ಓದೋಣ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗೌ ಡಾಟ್ ಇನ್. ಇದು ಅಂಚೆ ಲಕೋಟೆಯ ಮೇಲೆ ನಾವು ಬರೆಯುವ ಹಾಗೆಯೇ ಇದೆ. ಮೊದಲು ಮನೆಯ ಹೆಸರು, ಆಮೇಲೆ ಸಖರಾಯಪಟ್ಟಣ, ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಜಾಲದ ವಿಳಾಸವೂ ಅಷ್ಟೆ: ಕೊನೆಯ 'ಇನ್' ಭಾರತ, ಅದರ ಹಿಂದಿನ 'ಗೌ' ಸರ್ಕಾರ, ಅದರ ಹಿಂದೆ ಕರ್ನಾಟಕ, ಅದರೊಳಗೆ ಭೂದಾಖಲೆಯ ಕೋಣೆ. ಆ ಪುಟದೊಳಗೆ ಹೋದ ಮೇಲೆ ಮಾತ್ರ ಕ್ರಮ ತಿರುಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಚಿಕ್ಕಪ್ಪನಿಗೆ ಆ ಎರಡನೆಯದು ಚೆನ್ನಾಗಿ ಗೊತ್ತಿತ್ತು. ಮೊದಲನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಮೋಸದ ವಿಳಾಸವೊಂದನ್ನು ನಾನೇ ಕಟ್ಟಿ ತೋರಿಸುತ್ತೇನೆ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ-ಗೌ-ಇನ್ ಡಾಟ್ ಕಾಮ್. ಓದುತ್ತಾ ಹೋದರೆ ಎಲ್ಲ ಪರಿಚಿತರೇ. ಆದರೆ ಬಾಲ 'ಡಾಟ್ ಕಾಮ್'. ನಡುವೆ ಇರುವುದು ಚುಕ್ಕಿಯಲ್ಲ, ಅಡ್ಡಗೆರೆ. 'ಕರ್ನಾಟಕ-ಗೌ-ಇನ್' ಎಂಬುದು ಯಾರೋ ದುಡ್ಡು ಕೊಟ್ಟು ಕೊಂಡ ಒಂದೇ ಹೆಸರು. ನಮ್ಮೂರಿನ ಮಧ್ಯೆ ಹಾದುಹೋಗುವ ಕೆ.ಎಂ. ರಸ್ತೆ ಎಂದರೆ ಕಡೂರು–ಮಂಗಳೂರು ರಸ್ತೆ. ಆ ರಸ್ತೆಯ ಮೇಲೆ ನಿಂತು ಟೀ ಕುಡಿದವನು ಮಂಗಳೂರಿನಲ್ಲಿದ್ದೇನೆ ಎಂದುಕೊಳ್ಳುತ್ತಾನೆಯೇ? ಹೆಸರಿನಲ್ಲಿ ಮಂಗಳೂರು ಇದೆ, ಊರು ಸಖರಾಯಪಟ್ಟಣ. ಇಷ್ಟು ಹೇಳಿದ್ದೇ ತಡ, ಚಿಕ್ಕಪ್ಪ "ಹಂಗಾದ್ರೆ ಬಾಲ ನೋಡಿ ಊರು ಹೇಳ್ಬೇಕು ಅನ್ನು" ಎಂದರು. ಈ ಅಧ್ಯಾಯದ ತಲೆಬರಹ ಅವರದೇ.

ಒಂದು ತೊಡಕಿದೆ. ವಿಳಾಸ ಉದ್ದವಿದ್ದಾಗ ಮೊದಲ ಓರೆಗೆರೆ ಬಂದಲ್ಲಿಗೆ ಊರು ಮುಗಿಯಿತು ಎಂದು ತಿಳಿಯಬೇಕು. ಶುರುವಿನಲ್ಲಿ 'ಎಚ್‌ಟಿಟಿಪಿಎಸ್' ಆದ ಮೇಲೆ ಬರುವ ಜೋಡಿ ಓರೆಗೆರೆ ಲೆಕ್ಕಕ್ಕಿಲ್ಲ, ಅದರ ನಂತರದ ಒಂಟಿ ಓರೆಗೆರೆ ಲೆಕ್ಕಕ್ಕೆ. ಅದರ ಬಲಗಡೆ ಏನೇ ಇರಲಿ, 'ಗೌ ಡಾಟ್ ಇನ್' ಎಂದೇ ಇರಲಿ, ಅದು ಮನೆಯೊಳಗಿನ ಕಪಾಟಿನ ಹೆಸರು. ಓರೆಗೆರೆಯ ತಕ್ಷಣ ಹಿಂದಿರುವುದೇ ಬಾಲ. ಫೋನಿನಲ್ಲಿ ಜಾಗ ಸಾಲದೆ ವಿಳಾಸ ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತದೆ; ಪಟ್ಟಿಯ ಮೇಲೆ ಬೆರಳಿಟ್ಟು ಪೂರ್ತಿ ಬಿಡಿಸಿ ನೋಡಬೇಕು.

'ಗೌ ಡಾಟ್ ಇನ್' ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಸೇವಾಸಿಂಧು, ನಾಡಕಚೇರಿ, ಪಿಎಂ ಕಿಸಾನ್ ಎಲ್ಲಕ್ಕೂ ಅದೇ. ಬ್ಯಾಂಕುಗಳಿಗೂ ಈಗ ಅಂಥದ್ದೊಂದು ಗುರುತು ಬಂದಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ 'ಬ್ಯಾಂಕ್ ಡಾಟ್ ಇನ್' ಎಂಬ ಬಾಲಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಬ್ಯಾಂಕಲ್ಲದವರಿಗೆ ಆ ಬಾಲ ಕೊಡುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ಗ್ರಾಹಕನಿಗಾಗಿ ಆದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನನ್ನ ಅಭಿಪ್ರಾಯ, ಆದರೆ ಬ್ಯಾಂಕಿನ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕಿತ್ತು. ಎಲ್ಲ ಅಧಿಕೃತ ತಾಣಕ್ಕೂ ಇಂಥ ಬಾಲ ಇರುವುದಿಲ್ಲ ಎಂಬುದೂ ಗೊತ್ತಿರಲಿ. 2013ರ ನವೆಂಬರಿನಿಂದ ಕಡೂರು–ಚಿಕ್ಕಮಗಳೂರು ರೈಲು ಓಡುತ್ತಿದೆ, ನಮ್ಮೂರಿಗೂ ಸ್ಟೇಷನ್ ಬಂದಿದೆ. ಆದರೆ ರೈಲು ಟಿಕೆಟ್ಟಿನ ಐಆರ್‌ಸಿಟಿಸಿ ತಾಣದ ಬಾಲ 'ಸಿಒ ಡಾಟ್ ಇನ್'. ಇಂಥವುಗಳನ್ನು ಗೊತ್ತಿದ್ದವರಿಂದ ಒಮ್ಮೆ ಖಾತ್ರಿ ಮಾಡಿಕೊಂಡು ನಕ್ಷತ್ರದ ಗುರುತು ಒತ್ತಿ ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಮುಂದಿನ ಸಲ ಹುಡುಕುವ ಗೋಜಿಲ್ಲ. ಚಿಕ್ಕಪ್ಪನ ಫೋನಿನಲ್ಲಿ ಈಗ ಇರುವುದು ನಾಲ್ಕೇ ಬುಕ್‌ಮಾರ್ಕು. ಸಾಕು.

ಬೀಗದ ಚಿತ್ರದ ಬಗ್ಗೆ ಒಂದು ಮಾತು. ನಮ್ಮೂರಿನ ಅಯ್ಯನಕೆರೆಯ ಪಕ್ಕದ ಬೆಟ್ಟಕ್ಕೆ ಶಕುನಗಿರಿ ಎಂದು ಹೆಸರು. ಶಕುನ ನೋಡುವ ಅಭ್ಯಾಸ ನಮ್ಮ ನೀರಿನಲ್ಲೇ ಇದೆಯೋ ಏನೋ, ವಿಳಾಸದ ಪಕ್ಕ ಬೀಗ ಕಂಡರೆ ಶುಭಶಕುನ ಎಂದು ನಂಬಿದವರು ಬಹಳ. ಬೀಗ ಹೇಳುವುದು ಇಷ್ಟೇ: ನಿಮಗೂ ಆ ತಾಣಕ್ಕೂ ನಡುವಿನ ಮಾತನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಅಂಟು ಹಚ್ಚಿ ಮುಚ್ಚಿದ ಲಕೋಟೆ ಇದ್ದ ಹಾಗೆ. ಲಕೋಟೆ ಭದ್ರವಾಗಿದೆ ಎಂದ ಮಾತ್ರಕ್ಕೆ ಕಾಗದ ಬರೆದವನು ಸಭ್ಯನಾಗುವುದಿಲ್ಲ. ಆ ಬೀಗದ ಹಿಂದಿರುವ ಪ್ರಮಾಣಪತ್ರ ಸುಮಾರು ಹತ್ತು ವರ್ಷಗಳಿಂದ ಪುಕ್ಕಟೆಯಾಗಿ ಸಿಗುತ್ತಿದೆ, ಕಳ್ಳನಿಗೂ. ಜನ ತಪ್ಪು ತಿಳಿಯುತ್ತಿದ್ದಾರೆಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು. ಆದರೂ ತಾಣ 'ಸುರಕ್ಷಿತವಲ್ಲ' ಎಂದು ಬ್ರೌಸರ್ ತಾನಾಗಿ ಹೇಳಿದರೆ ಅದನ್ನು ಕೇಳಬೇಕು. ಅಪಶಕುನವನ್ನು ನಂಬಿ, ಶುಭಶಕುನವನ್ನು ನಂಬಬೇಡಿ.

ಚಿಕ್ಕಪ್ಪ ಒಮ್ಮೆ ಕೂದಲೆಳೆಯಲ್ಲಿ ಪಾರಾದರು. ಗ್ಯಾಸ್ ಸಿಲಿಂಡರ್ ಬುಕ್ ಆಗಲಿಲ್ಲವೆಂದು 'ಕಸ್ಟಮರ್ ಕೇರ್ ನಂಬರ್' ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಮಾಡಿದರು. ಆಚೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ಒಂದು ಆ್ಯಪ್ ಹಾಕಿಕೊಳ್ಳಿ, ನಾನೇ ಸರಿಮಾಡಿ ಕೊಡುತ್ತೇನೆ ಎಂದ. ಅದು ನಮ್ಮ ಪರದೆಯನ್ನು ದೂರದಲ್ಲಿ ಕೂತವನಿಗೆ ತೋರಿಸುವ ಆ್ಯಪ್. ಒಟಿಪಿ ಬಂದರೆ ಅವನಿಗೂ ಕಾಣುತ್ತದೆ. ಅಷ್ಟರಲ್ಲಿ ಡೌನ್‌ಲೋಡ್ ನಿಂತಿತು, ಮೊಮ್ಮಗ ಬೆಳಿಗ್ಗೆಯೇ ಕ್ರಿಕೆಟ್ ನೋಡಿ ದಿನದ ಡೇಟಾ ಖಾಲಿ ಮಾಡಿದ್ದ. ಆ ಹುಡುಗನಿಗೆ ಅಂದು ಬೈಗುಳವೂ ಬಿತ್ತು, ಸಂಜೆ ಮಸಾಲೆದೋಸೆಯೂ ಸಿಕ್ಕಿತು. ನಂಬರನ್ನು ಹುಡುಕಾಟದಿಂದ ತೆಗೆಯಬಾರದು. ಗ್ಯಾಸಿನ ಪುಸ್ತಕದಲ್ಲಿ, ಎಟಿಎಂ ಕಾರ್ಡಿನ ಹಿಂಭಾಗದಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರನ್ನೇ ಒತ್ತಬೇಕು.

ಕೆಲವು ಪುಟಗಳು ತೆರೆದ ಕೂಡಲೇ "ಅಧಿಸೂಚನೆ ಕಳುಹಿಸಲು ಅನುಮತಿಸಿ" ಎಂದು ಕೇಳುತ್ತವೆ. ಕೆಳಗೆ ಎರಡು ಗುಂಡಿ: ಅನುಮತಿಸಿ, ನಿರ್ಬಂಧಿಸಿ. ಅಡಿಕೆ ಧಾರಣೆ ನೋಡಲು ಹೋದವರು ಅವಸರದಲ್ಲಿ ಮೊದಲನೆಯದನ್ನು ಒತ್ತುತ್ತಾರೆ. ಮರುದಿನದಿಂದ "ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂಬ ಕೆಂಪು ಸಂದೇಶಗಳು ಕೋಡಿ ಬಿದ್ದ ಹಾಗೆ ಹರಿಯುತ್ತವೆ. ಫೋನಿಗೆ ಏನೂ ಆಗಿರುವುದಿಲ್ಲ. ಬ್ರೌಸರ್‌ನ ಸೆಟ್ಟಿಂಗಿಗೆ ಹೋಗಿ ಆ ತಾಣಕ್ಕೆ ಕೊಟ್ಟ ಅನುಮತಿ ತೆಗೆದರೆ ತೂಬು ಮುಚ್ಚಿದಂತೆ ನಿಲ್ಲುತ್ತದೆ. ಧಾರಣೆ ತಿಳಿಯಲು ಯಾವ ಅನುಮತಿಯೂ ಬೇಕಿಲ್ಲ.

ಹೆಚ್ಚು ಅಪಾಯ ಎಪಿಕೆ ಫೈಲಿನದು. ಪಿಎಂ ಕಿಸಾನ್ ಕಂತು ಎಂದೋ ಮದುವೆ ಕರೆಯೋಲೆ ಎಂದೋ ಹೆಸರಿಟ್ಟು ವಾಟ್ಸಾಪಿನಲ್ಲಿ ಬರುತ್ತದೆ. ಕರೆಯೋಲೆ ಎಂದರೆ ಚಿತ್ರವೋ ಪಿಡಿಎಫೋ ಆಗಿರಬೇಕು. ಎಪಿಕೆ ಎಂದರೆ ಆ್ಯಪ್. ಅದು ಒಳಗೆ ಬಂದು ಕೂತು ನಿಮ್ಮ ಮೆಸೇಜು ಓದಬಲ್ಲದು. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣ ಮೂರು ಕಂತಿನಲ್ಲಿ ನೇರ ಖಾತೆಗೆ ಬೀಳುತ್ತದೆ, ಅದಕ್ಕೆ ಯಾವ ಫೈಲನ್ನೂ ತೆರೆಯಬೇಕಿಲ್ಲ. ಹಾಗೆಯೇ ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವಾಗ. ಬರುವ ದುಡ್ಡಿಗೆ ಪಿನ್ ಕೇಳಿದರೆ ಅಲ್ಲಿಗೆ ಮಾತು ಮುಗಿಸಿ.

ಸೈಬರ್ ಸೆಂಟರಿನಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಕೆಲಸ ಮಾಡಿಸುವವರು, "ಪಾಸ್‌ವರ್ಡ್ ಉಳಿಸಬೇಕೆ?" ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ, ಏಳುವ ಮೊದಲು ಲಾಗ್‌ಔಟ್ ಮಾಡಿಸಿ. ಡೌನ್‌ಲೋಡ್ ಆದ ಆಧಾರ್ ಪ್ರತಿಯನ್ನು ಅಳಿಸಲು ಹೇಳಿ. ಅಂಗಡಿಯ ಹುಡುಗ ಒಳ್ಳೆಯವನೇ ಇರಬಹುದು, ಅವನ ನಂತರ ಆ ಕುರ್ಚಿಯಲ್ಲಿ ಕೂರುವವರು ಯಾರೆಂದು ಅವನಿಗೂ ಗೊತ್ತಿಲ್ಲ.

ಇಷ್ಟಾಗಿಯೂ ದುಡ್ಡು ಹೋದರೆ ನಾಚಿಕೆಪಟ್ಟು ಮನೆಯಲ್ಲಿ ಮುಚ್ಚಿಡಬೇಡಿ. ಓದಿದವರು, ಪೇಟೆಯವರು, ನಿವೃತ್ತ ಅಧಿಕಾರಿಗಳು ಎಲ್ಲರೂ ಕಳೆದುಕೊಂಡಿದ್ದಾರೆ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಹಣಕಾಸಿನ ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ದೂರು ಬಂದ ಕೂಡಲೇ ಹಣ ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತೆಂದು ಬೆನ್ನುಹತ್ತಿ, ತೆಗೆಯುವ ಮುಂಚೆ ತಡೆಹಿಡಿಯಲು ಬ್ಯಾಂಕುಗಳಿಗೆ ತಿಳಿಸುತ್ತಾರೆ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಸಿಗುವ ಸಾಧ್ಯತೆ ಹೆಚ್ಚು, ನಾಳೆ ನೋಡೋಣ ಎಂದರೆ ಕಡಿಮೆ. ಲಿಖಿತ ದೂರನ್ನು 'ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್' ತಾಣದಲ್ಲಿ ಕೊಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಚಿಕ್ಕಮಗಳೂರಿನ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಯಾರೋ ಕಳಿಸಿದ ಲಿಂಕಿನ ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ಓದಿ ಹೇಳಿ, "ಇದ್ರ ಬಾಲ ಡಾಟ್ ಟಾಪ್ ಅಂತ ಐತೆ, ಯಾವೂರೋ ಇದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಳಿಸಿಬಿಟ್ಟಿದ್ದರಂತೆ. ಅವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಲೈನ್‌ಮನ್ ನಂಬರಿನ ಕೆಳಗೆ ಈಗ 1930 ಎಂದು ಬರೆದಿದೆ. ನಿಮ್ಮ ಮನೆಯದರಲ್ಲೂ ಬರೆದುಕೊಳ್ಳಿ.