ನಂಬೋ ಅಮ್ಮ, ನಂಬದ ಮಗ: ‘ಯಂಗ್ ಶೆಲ್ಡನ್’ ಮನೆಯ ದೇವರ ಜಗಳ

ಮನೇಲಿ ಒಬ್ಬರಿಗೆ ದೇವರೇ ಎಲ್ಲ, ಇನ್ನೊಬ್ಬರಿಗೆ ದೇವರೇ ಇಲ್ಲ. ಇಬ್ಬರೂ ದಿನಾ ಒಟ್ಟಿಗೆ ಊಟಕ್ಕೆ ಕೂರಬೇಕು. ಏನಾಗುತ್ತೆ? 2017ರಿಂದ 2024ರವರೆಗೆ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಬಂದ ‘ಯಂಗ್ ಶೆಲ್ಡನ್’ ಕಾಮಿಡಿ ಸರಣಿಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ.

ಕತೆ ನಡೆಯೋದು ಟೆಕ್ಸಸ್‌ನಲ್ಲಿ. ಅಮ್ಮ ಮೇರಿ ಬ್ಯಾಪ್ಟಿಸ್ಟ್ ಚರ್ಚಿನ ಭಕ್ತೆ. ಮಗ ಶೆಲ್ಡನ್‌ಗೆ ನಂಬಿಕೆ ಇರೋದು ವಿಜ್ಞಾನದಲ್ಲಿ ಮಾತ್ರ. ಅಮ್ಮನ ಜತೆ ಚರ್ಚಿಗೆ ಹೋಗ್ತಾನೆ, ಅಲ್ಲೇ ಪಾದ್ರಿ ಜತೆ ವಾದಕ್ಕೂ ಇಳೀತಾನೆ.

ಎರಡನೇ ಸೀಸನ್‌ನಲ್ಲಿ ಪರಿಚಯದವರ ಮಗಳು ಸಣ್ಣ ವಯಸ್ಸಲ್ಲೇ ತೀರಿಕೊಂಡಾಗ ಮೇರಿಯ ನಂಬಿಕೆಯೇ ಅಲುಗಾಡುತ್ತೆ. ಸಮಾಧಾನ ಹೇಳೋದು ಯಾರು ಗೊತ್ತಾ? ನಾಸ್ತಿಕ ಮಗ! ಗುರುತ್ವಾಕರ್ಷಣೆ ಚೂರು ಹೆಚ್ಚುಕಡಿಮೆ ಆಗಿದ್ರೂ ಈ ವಿಶ್ವ ಹೀಗಿರ್ತಿರಲಿಲ್ಲ ಅಂತ ತನಗೆ ಗೊತ್ತಿರೋ ಭೌತಶಾಸ್ತ್ರದಲ್ಲೇ ಅಮ್ಮನಿಗೆ ಧೈರ್ಯ ತುಂಬ್ತಾನೆ.

ಇನ್ನು ಕೊನೇ ಎಪಿಸೋಡ್. ಅಪ್ಪ ಹಠಾತ್ತಾಗಿ ತೀರಿಹೋಗಿದ್ದಾರೆ. ಮಕ್ಕಳು ದೀಕ್ಷಾಸ್ನಾನ ಪಡೀಲೇಬೇಕು ಅಂತ ಮೇರಿ ಹಟ ಹಿಡೀತಾಳೆ. ಶೆಲ್ಡನ್‌ನ ಅವಳಿ ಸೋದರಿ ಮಿಸ್ಸಿ ಸುತಾರಾಂ ಒಪ್ಪಲ್ಲ. ಶೆಲ್ಡನ್ ಒಪ್ತಾನೆ. ಅವನಿಗೇನೂ ದೇವರ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಅಮ್ಮನಿಗೆ ಆ ಹೊತ್ತಲ್ಲಿ ಅದು ಬೇಕಿತ್ತು, ಅಷ್ಟೇ.

ಹಾಗಾದ್ರೆ ಮಿಸ್ಸಿ ತಪ್ಪಾ? ಖಂಡಿತ ಅಲ್ಲ. ಅವಳೂ ಅಪ್ಪನನ್ನ ಕಳ್ಕೊಂಡವಳು. ದುಃಖದಲ್ಲಿ ಇರೋರ ಮೇಲೆ ನಂಬಿಕೆ ಹೇರಿದ್ರೆ ಅದೂ ಭಾರವೇ.

ನಿಮ್ಮನೇಲಿ ಅಮ್ಮ ಪೂಜೆಗೋ ಪ್ರಾರ್ಥನೆಗೋ ಕರೆದ್ರೆ ಹೋಗೋದು ಬಿಡೋದು ನಿಮ್ಮಿಷ್ಟ. ಆದ್ರೆ ವಾದಕ್ಕೆ ನಿಲ್ಲೋ ಮುಂಚೆ, ಯಾಕೆ ಕರೀತಿದ್ದಾರೆ ಅಂತ ಒಂದ್ಸಲ ಕೇಳಿ ನೋಡಿ.