ಹಳದಿಯಾದ ಅರಿಶಿನ ಗಿಡಕ್ಕೆ ಯೂರಿಯಾ ಹಾಕಿದರೆ ಉಳಿಯುತ್ತದೆಯೇ?

"ಎಲೆ ಹಳದಿಯಾಗಿದೆಯೇ? ಒಂದು ಹಿಡಿ ಯೂರಿಯಾ ಹಾಕಿ." ಮಳೆ ಜೋರಾದಾಗ ಇಂಥ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಗಿಡದ ಬುಡ ನೋಡಿ.

ಹುಕ್ಕೇರಿ, ಗೋಕಾಕ ಕಡೆಯ ಎರೆಮಣ್ಣಿನ ಹಿತ್ತಲಲ್ಲಿ ನೀರು ಬೇಗ ಇಂಗುವುದಿಲ್ಲ. ನೆರಳಿದ್ದರೆ ಮಣ್ಣು ಒಣಗುವುದು ಇನ್ನೂ ತಡ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಬೇರು ಉಸಿರಾಡಲಾಗದೆ ಸೊರಗುತ್ತದೆ. ಹಾಕಿದ ಗೊಬ್ಬರವನ್ನೂ ಸರಿಯಾಗಿ ಹೀರಿಕೊಳ್ಳದು. ಅರಿಶಿನ, ಶುಂಠಿಯ ಗಡ್ಡೆ ಕೊಳೆಸುವ ಪಿಥಿಯಂ ಎಂಬ ಸೂಕ್ಷ್ಮಜೀವಿಗೆ ಬೇಕಾಗಿರುವುದೂ ಇಂಥ ತೇವವೇ.

ಹಾಗಂತ ಹಳದಿ ಎಲೆಯೆಲ್ಲ ರೋಗವಲ್ಲ. ಕೀಳುವ ಕಾಲ ಹತ್ತಿರವಾದರೆ ಅರಿಶಿನದ ಎಲೆ ತಾನಾಗಿಯೇ ಹಳದಿಯಾಗುತ್ತದೆ. ಕಾಂಡವನ್ನು ಮೆಲ್ಲಗೆ ಎಳೆದು ನೋಡಿ: ಸಲೀಸಾಗಿ ಕಿತ್ತುಬಂದು, ಗಡ್ಡೆ ಮೆತ್ತಗಾಗಿದ್ದರೆ ಕೊಳೆ ಹಿಡಿದಿದೆ. ಅಂಥ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಿ, ತಿಪ್ಪೆಗಂತೂ ಬೇಡ. ನಿಂತ ನೀರನ್ನು ಇನ್ನೊಂದು ಮಡಿಗೆ ಹೋಗದಂತೆ ಹೊರಗೆ ಹರಿಸಿ. ಮುಂದಿನ ಸಲ ಬೇರೆ ಜಾಗದಲ್ಲಿ, ಏರುಮಡಿಯಲ್ಲಿ ನೆಡಿ.

ನಮಗೆ ಹೆಚ್ಚು ಚಿಂತೆ ಹಂಚುವುದರದ್ದು. "ಒಂದು ಗಡ್ಡಿ ಕೊಡ್ರಿ ಅಕ್ಕಾರ" ಅಂದವರಿಗೆ ಇಲ್ಲ ಅನ್ನುವುದು ಕಷ್ಟ. ಆದರೆ ಕೊಳೆ ಬಂದ ಮಡಿಯ ಗಡ್ಡೆ ನೋಡಲು ಚೆನ್ನಾಗಿದ್ದರೂ ರೋಗವನ್ನು ಅವರ ಹಿತ್ತಲಿಗೆ ಹೊತ್ತೊಯ್ಯಬಹುದು. ಈ ವರ್ಷ ಅವರಿಗೆ ದೊಡ್ಡಪತ್ರೆಯ ಆರೋಗ್ಯವಾದ ಟೊಂಗೆ ಮುರಿದು ಕೊಡಿ. ಮಣ್ಣು ಅಂಟಿರುವುದಿಲ್ಲ, ಹೊಸ ಕುಂಡದಲ್ಲಿ ಸುಲಭವಾಗಿ ಬೇರು ಬಿಡುತ್ತದೆ.