ಬೆಣ್ಣೆಗೆ ಬದಲೇನು?

ಫಿನ್ಲೆಂಡಿನ ಉತ್ತರ ಕರೇಲಿಯಾ ಹೈನುಗಾರಿಕೆಯ ಪ್ರಾಂತ. ಅಲ್ಲಿಯ ಜನ ಬ್ರೆಡ್ಡಿಗೂ ಅಡುಗೆಗೂ ಧಾರಾಳವಾಗಿ ಬೆಣ್ಣೆ ಬಳಸುತ್ತಿದ್ದರು. ನಡುವಯಸ್ಸಿನ ಗಂಡಸರು ಹೃದಯಾಘಾತಕ್ಕೆ ಬಲಿಯಾಗುವುದು ಅಲ್ಲಿ ಸಾಮಾನ್ಯವಾಗಿತ್ತು. 1972ರಲ್ಲಿ ಡಾ. ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಆರೋಗ್ಯ ಯೋಜನೆಯೊಂದು ಆರಂಭವಾಯಿತು. ಬೆಣ್ಣೆಯ ಬದಲು ಸಸ್ಯಜನ್ಯ ಎಣ್ಣೆ, ಹೆಚ್ಚು ತರಕಾರಿ, ಹಣ್ಣು ಬಳಕೆಗೆ ಬಂದವು; ಧೂಮಪಾನ ತಗ್ಗಿತು, ರಕ್ತದೊತ್ತಡ ಹತೋಟಿಗೆ ಬಂತು. ಸುಮಾರು 35 ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು.

ಆಹಾರದ ಪಾತ್ರವೇನು? ಬೆಣ್ಣೆ, ತುಪ್ಪ, ಕೆನೆಗಳ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ಇದು ರಕ್ತದಲ್ಲಿ ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟೆರಾಲನ್ನು ಏರಿಸುತ್ತದೆ. ಅದು ರಕ್ತನಾಳಗಳ ಒಳಗೋಡೆಯಲ್ಲಿ ಶೇಖರವಾಗುತ್ತದೆ. ಶೇಂಗಾ, ಎಳ್ಳು, ಅಗಸೆಗಳಲ್ಲಿ ಇರುವುದು ಬಹುಪಾಲು ಅಪರ್ಯಾಪ್ತ ಕೊಬ್ಬು. ಇವನ್ನು ಇಡಿಯಾಗಿ ಬಳಸಿದರೆ ಎಣ್ಣೆಯಲ್ಲಿಲ್ಲದ ನಾರು, ಪ್ರೋಟೀನುಗಳೂ ದೊರೆಯುತ್ತವೆ.

ಹಾಗಾದರೆ ನಾವೇನು ಮಾಡಬಹುದು? ರೊಟ್ಟಿಗೆ ಬೆಣ್ಣೆಯ ಬದಲು ಶೇಂಗಾ ಅಥವಾ ಅಗಸೆಯ ಚಟ್ನಿಪುಡಿ ಹಚ್ಚಿಕೊಳ್ಳಬಹುದು. ನೆನಪಿರಲಿ, ಬೆಣ್ಣೆಯ ಜೊತೆಗಲ್ಲ, ಬದಲಿಗೆ! ಎಣ್ಣೆಕಾಳುಗಳಲ್ಲೂ ಕ್ಯಾಲೊರಿ ಸಾಕಷ್ಟಿದೆ. ಕೆನೆ ತೆಗೆದ ಹಾಲು, ಮಜ್ಜಿಗೆಗಳನ್ನು ಬಿಡಬೇಕಾಗಿಲ್ಲ. ಊಟದ ರೂಢಿ ಎಳೆಯ ವಯಸ್ಸಿನಲ್ಲೇ ಬೇರೂರುತ್ತದೆ. ಬದಲಾವಣೆಗೆ ಇದೇ ಸಕಾಲ.